ಹನ್ನೊಂದೂವರೆಯ ಸ್ಟಾಫ್ ಊಟ

ಮಾಂದಲ್‌ಪಟ್ಟಿಗೆ ಜೀಪ್ ಓಡಿಸಲು ಶುರು ಮಾಡಿ ಹದಿನಾಲ್ಕು ವರ್ಷ ಆಯಿತು. ಬೆಳಗಿನ ಜಾವ ನಾಲ್ಕೂವರೆಗೆ ಹೋಮ್‌ಸ್ಟೇ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಕು. ಗೆಸ್ಟ್‌ಗಳನ್ನು ಬೆಟ್ಟಕ್ಕೆ ಹತ್ತಿಸಿ, ಮಂಜು ತೋರಿಸಿ, ಒಂಬತ್ತರ ಹೊತ್ತಿಗೆ ತಿಂಡಿಗೆ ವಾಪಸ್ ತಂದು ಬಿಡಬೇಕು. ಮಡಿಕೇರಿ ಸುತ್ತಮುತ್ತ ನಾನು ಹೋಗದ ರೆಸಾರ್ಟ್, ಹೋಮ್‌ಸ್ಟೇ ಕಡಿಮೆ. ನನಗೆ ಚೆನ್ನಾಗಿ ಪರಿಚಯ ಇರುವುದು ಅವುಗಳ ಹಿಂಬಾಗಿಲು. ಡ್ರೈವರ್‌ಗಳಿಗೆ ಕೂರಲು ಜಾಗ ಕೊಡುವುದು ಅಲ್ಲೇ, ಅಡುಗೆ ಮನೆ ಪಕ್ಕ, ಜನರೇಟರ್ ಹತ್ತಿರ. ಅಲ್ಲಿ ಅರ್ಧ ಗಂಟೆ ಕೂತರೆ ಸಾಕು. ಪಾತ್ರೆ ತೊಳೆಯುವವನು ಎಷ್ಟು ಹೊತ್ತಿಗೆ ಉಂಡ, ರೂಂ ಹುಡುಗ ಎಲ್ಲಿ ಮಲಗಿದ್ದ, ಯಾರು ಯಾರನ್ನು ಹೇಗೆ ಕೂಗಿದರು, ಎಲ್ಲ ಗೊತ್ತಾಗುತ್ತದೆ.

ಈಗ ಬರೆಯುತ್ತಿರುವುದು ಮಕ್ಕಂದೂರಿನಿಂದ ಮಾದಾಪುರದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹೋಮ್‌ಸ್ಟೇ ಬಗ್ಗೆ. ಆರು ರೂಂ. ಮಧ್ಯಾಹ್ನ ಹೊರಗಿನವರಿಗೂ ಊಟ ಕೊಡುತ್ತಾರೆ, ಇಪ್ಪತ್ತನಾಲ್ಕು ಜನ ಕೂರಬಹುದು. ಹೆಸರು ಹಾಕಬೇಡಿ ಎಂದು ನಡೆಸುವ ಅಕ್ಕ ಕೇಳಿಕೊಂಡಿದ್ದಾರೆ. ಒಂದೇ ಸಲ ಜಾಸ್ತಿ ಜನ ಬಂದರೆ ಸುಧಾರಿಸಲು ಆಗುವುದಿಲ್ಲ ಎಂಬುದು ಅವರ ಚಿಂತೆ. ಹೋಗಬೇಕೆನ್ನುವವರು ನಮ್ಮ ಜೀಪಿನವರನ್ನು ಯಾರನ್ನಾದರೂ "ಮಂಗಳವಾರ ರಜೆ ಮಾಡುವ ಹೋಮ್‌ಸ್ಟೇ ಎಲ್ಲಿ?" ಅಂತ ಕೇಳಿ. ದಾರಿ ಹೇಳುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ದೊಡ್ಡ ಮಗಳು ಹತ್ತು ತಿಂಗಳಿಂದ ಅಲ್ಲಿ ಕೆಲಸ ಮಾಡುತ್ತಿದ್ದಾಳೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಸಸ್ಯಾಹಾರಿ ಊಟಕ್ಕೆ 220 ರೂಪಾಯಿ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತೆಗೆದುಕೊಂಡರೆ 390. ಕಡಂಬುಟ್ಟು ಕೈಯಲ್ಲಿ ಹಿಡಿದರೆ ಬಿಸಿ, ಬಿಡಿಸಿದರೆ ಮೃದು, ಒಳಗೆ ಹಸಿ ತರಿ ಸಿಗುವುದಿಲ್ಲ. ಪಂದಿ ಕರಿಯಲ್ಲಿ ಮಸಾಲೆ ಚೆನ್ನಾಗಿ ಕಪ್ಪಗೆ ಹುರಿದಿರುತ್ತಾರೆ, ಕಾಚಂಪುಳಿ (ಹುಳಿ ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕಡೆಯ ಹುಳಿ) ಕೊನೆಗೆ ಹಾಕುತ್ತಾರೆ. ವಿನೆಗರ್ ಬಾಟಲಿ ಆ ಅಡುಗೆ ಮನೆಯಲ್ಲಿ ನಾನು ನೋಡಿಲ್ಲ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಸಾರು ಇದ್ದರೆ ಬಿಡಬೇಡಿ. ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಮಾತ್ರ ಒಂದೊಂದು ದಿನ ದಪ್ಪ ಆಗುತ್ತದೆ. ರೂಂ ಸ್ವಚ್ಛ, ಬಿಸಿನೀರು ಯಾವಾಗಲೂ ಇರುತ್ತದೆ, ಹಾಸಿಗೆಯ ಬೆಡ್‌ಶೀಟ್ ಡೊಳ್ಳಿನ ಚರ್ಮದ ಹಾಗೆ ಬಿಗಿ.

ಆದರೆ ಇಂಥ ಊಟ ಕೊಡಗಿನಲ್ಲಿ ಬೇರೆ ಕಡೆಯೂ ಸಿಗುತ್ತದೆ. ಬೇರೆ ಕಡೆ ನಾನು ನೋಡದೇ ಇದ್ದದ್ದು ಹನ್ನೊಂದೂವರೆಯ ಊಟ.

ಮೊದಲ ಸಲ ಅದನ್ನು ನೋಡಿದ್ದು ಹೋದ ವರ್ಷ ಜುಲೈನಲ್ಲಿ. ಜೋರು ಮಳೆ. ಗೆಸ್ಟ್‌ಗಳು ರೂಮಿನಿಂದ ಹೊರಗೆ ಬಂದಿರಲಿಲ್ಲ. ನಾನು ಅಭ್ಯಾಸದಂತೆ ಹಿಂದೆ ಹೋಗಿ ಗಾಡಿಯಲ್ಲೇ ಕೂತಿದ್ದೆ. ಒಬ್ಬ ಹುಡುಗ ಛತ್ರಿ ಹಿಡಿದು ಬಂದು, "ಅಣ್ಣಾ, ಊಟಕ್ಕೆ ಬನ್ನಿ, ಎಲ್ಲರೂ ಕೂತಿದ್ದಾರೆ" ಅಂದ. ಟೈಂ ನೋಡಿದೆ, ಹನ್ನೊಂದೂ ಮೂವತ್ತೈದು. ಹಿಂದಿನ ಜಗಲಿಯಲ್ಲಿ ಒಂದು ಉದ್ದ ಬೆಂಚು, ಒಂದು ಉದ್ದ ಮೇಜು. ಒಂಬತ್ತು ಜನ ಸ್ಟಾಫ್, ಅಕ್ಕ, ನಾನು. ಅವತ್ತು ಗೆಸ್ಟ್‌ಗಳಿಗೆ ಏನೇನು ಇತ್ತೋ ಅದೇ ಎಲ್ಲರ ತಟ್ಟೆಯಲ್ಲಿ.

ಅಡುಗೆ ನೋಡಿಕೊಳ್ಳುವ ಅಣ್ಣ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಹನ್ನೊಂದು ವರ್ಷ ಇದ್ದು 2020ರಲ್ಲಿ ಊರಿಗೆ ಬಂದವರು. ಅವರು ಕೂರುವ ಮೊದಲು ಕೇಳಿದರು, "ಕಣಿಲೆ ಹೇಗಿದೆ? ಹೇಳಿ." ಎಲ್ಲರೂ ಚೆನ್ನಾಗಿದೆ ಅಂದರು. ರೂಂ ಮಾಡುವ ಹುಡುಗಿ, ಇನ್ನೂ ಇಪ್ಪತ್ತು ತುಂಬಿಲ್ಲ, ಇನ್ನೊಂದು ತುತ್ತು ತಿಂದು ಸ್ವಲ್ಪ ತಡೆದು, "ಅಣ್ಣಾ, ಕಹಿ ಉಳಿದಿದೆ" ಅಂದಳು. ಅಣ್ಣ ಅವಳ ತಟ್ಟೆಯಿಂದಲೇ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡರು. "ಹೌದು. ನಿನ್ನೆ ನೀರು ಬದಲಾಯಿಸಿದ್ದು ಯಾರು?" ಅಂದರು. ಒಬ್ಬ ಕೈ ಎತ್ತಿದ. ಮರೆತಿದ್ದನಂತೆ. ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿ ದಿನಾ ನೀರು ಬದಲಾಯಿಸದಿದ್ದರೆ ಕಹಿ ಹೋಗುವುದಿಲ್ಲ. ಬೈಗುಳ ಇಲ್ಲ, ಪಾತ್ರೆ ಕುಟ್ಟಿದ್ದಿಲ್ಲ. "ಇವತ್ತು ಕಣಿಲೆ ಬೇಡ, ಬೋರ್ಡಿನಿಂದ ಅಳಿಸು" ಅಂದರು, ಅಷ್ಟೇ. ಹುಡುಗಿ ಎದ್ದು ಹೋಗಿ ಬೋರ್ಡ್ ಒರೆಸಿ ಬಂದು ಊಟ ಮುಂದುವರಿಸಿದಳು.

ರೂಂ ಗುಡಿಸುವ ಹುಡುಗಿಯ ಒಂದು ಮಾತಿಗೆ ಅವತ್ತಿನ ಪಲ್ಯವೇ ನಿಂತುಹೋಯಿತು. ನಾನು ಇದನ್ನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಸೆಕೆಂಡ್ ಪಿಯುಸಿ ಮುಗಿಸಿ ಮುಂದೇನು ಎಂದು ಗೊತ್ತಾಗದೆ ಇದ್ದಳು. "ಅಪ್ಪಾ, ನಾನು ಅಲ್ಲಿಗೆ ಹೋಗ್ಲಾ?" ಅಂದಳು.

ನಮ್ಮ ಮನೆಯಲ್ಲಿ ಗಲಾಟೆ ಶುರುವಾಯಿತು. ನನ್ನ ಅಪ್ಪನಿಗೆ ಎಪ್ಪತ್ತೆಂಟು. "ಬೇರೆಯವರ ಎಂಜಲು ತಟ್ಟೆ ಎತ್ತೋಕೆ ಮೊಮ್ಮಗಳನ್ನ ಕಳಿಸ್ತೀಯಾ?" ಅಂದರು. ಕೊಡಗಿನಲ್ಲಿ ಮಕ್ಕಳು ಮಿಲಿಟರಿಗೆ ಹೋಗಬೇಕು, ಬ್ಯಾಂಕಿಗೆ ಹೋಗಬೇಕು, ಬೆಂಗಳೂರಿಗೆ ಹೋಗಬೇಕು. ಹೋಟೆಲ್ ಕೆಲಸ ಅಂದರೆ ಬೇರೆ ಏನೂ ಸಿಗದವರು ಮಾಡುವುದು. ಅಪ್ಪ ಒಬ್ಬರೇ ಹೀಗೆ ಯೋಚಿಸುತ್ತಾರೆ ಅಂತಲ್ಲ, ನಮ್ಮ ಊರಿನ ಹತ್ತು ಮನೆಯಲ್ಲಿ ಎಂಟು ಮನೆಯ ಮಾತು ಇದೇ.

ನಾನು ಅಪ್ಪನಿಗೆ ಒಂದೇ ಮಾತು ಕೇಳಿದೆ. "ನನ್ನ ಮದುವೆಯಲ್ಲಿ ಬಡಿಸಿದ್ದು ಯಾರು?" ಊರಿನ ಹುಡುಗರೇ ಬಡಿಸಿದ್ದು. ಹಿಂದಿನ ದಿನ ಸಂಜೆ ಊರಿನವರೆಲ್ಲ ಬಂದು ತರಕಾರಿ ಹೆಚ್ಚಿದ್ದು. ಯಾರ ಮನೆಯ ಮಗ ಪಂಕ್ತಿಯಲ್ಲಿ ಅಚ್ಚುಕಟ್ಟಾಗಿ ಬಡಿಸುತ್ತಾನೋ ಅವನನ್ನು "ಒಳ್ಳೇ ಹುಡುಗ" ಎಂದು ಎಲ್ಲರೂ ಹೊಗಳುತ್ತಾರೆ. ಎಲೆ ಎತ್ತಿದ್ದಕ್ಕೆ ಯಾರ ಮರ್ಯಾದೆಯೂ ಹೋಗಿಲ್ಲ. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆ ಕೃಷ್ಣರಾಯರು ಅಡುಗೆ ಮನೆಯ ಸಣ್ಣ ಕೆಲಸದಿಂದಲೇ ಮೇಲೆ ಬಂದವರು. ಘಟ್ಟದ ಕೆಳಗಿನ ಎಷ್ಟೋ ಹುಡುಗರು ಮುಂಬೈಗೆ ಹೋಗಿ ಲೋಟ ತೊಳೆದು ಆಮೇಲೆ ಹೋಟೆಲ್ ಮಾಲೀಕರಾದರು. ಅಪ್ಪ ಸುಮ್ಮನಾದರು, ಆದರೆ ಒಪ್ಪಲಿಲ್ಲ. ಒಪ್ಪಲು ಇನ್ನೂ ಮೂರು ತಿಂಗಳು ಹಿಡಿಯಿತು.

ಅಪ್ಪನ ಹೆದರಿಕೆಗೂ ಕಾರಣ ಇತ್ತು. ನನ್ನ ಅಕ್ಕನ ಮಗ ಒಂದು ದೊಡ್ಡ ರೆಸಾರ್ಟಿಗೆ ಸೇರಿದ್ದ. ಯಾವುದು ಅನ್ನುವುದು ಬೇಡ. ಬೆಳಿಗ್ಗೆ ಏಳಕ್ಕೆ ಶುರು. ಮಧ್ಯಾಹ್ನ ಮೂರರಿಂದ ಏಳರವರೆಗೆ ಬ್ರೇಕ್. ಮತ್ತೆ ಏಳರಿಂದ ರಾತ್ರಿ ಹನ್ನೊಂದು. ಕೆಲಸ ಹನ್ನೆರಡು ಗಂಟೆ, ಆದರೆ ಸಿಕ್ಕಿಹಾಕಿಕೊಂಡಿರುವುದು ಹದಿನಾರು ಗಂಟೆ, ಯಾಕೆಂದರೆ ಆ ನಾಲ್ಕು ಗಂಟೆಯಲ್ಲಿ ಮನೆಗೆ ಬಂದು ಹೋಗಲು ಬಸ್ಸಿಲ್ಲ. ಮಲಗಲು ಶೀಟ್ ಹಾಕಿದ ಒಂದು ರೂಂ, ಎಂಟು ಜನ. ಊಟ ಮೂರೂವರೆಗೆ, ಗೆಸ್ಟ್‌ಗಳು ಬಿಟ್ಟದ್ದು. ವಾರದ ರಜೆ "ರಶ್ ಇದೆ" ಎಂದು ಮುಂದಕ್ಕೆ, ಮತ್ತೆ ಮುಂದಕ್ಕೆ. ಐದು ತಿಂಗಳು ತಡೆದುಕೊಂಡು ಬಿಟ್ಟು ಬಂದ. ಈಗ ಮೈಸೂರಿನಲ್ಲಿ ಪಾರ್ಸೆಲ್ ಹಂಚುತ್ತಾನೆ, ಬಿಸಿಲಲ್ಲಿ, ದಿನಕ್ಕೆ ಎಪ್ಪತ್ತು ಮನೆ.

"ಈಗಿನ ಹುಡುಗರಿಗೆ ಮೈ ಬಗ್ಗೋದಿಲ್ಲ, ಅದಕ್ಕೆ ಹೋಟೆಲ್ ಲೈನಿಗೆ ಬರಲ್ಲ" ಎಂದು ಮಾಲೀಕರು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಆಗೆಲ್ಲ ನನ್ನ ಸೋದರಳಿಯನ ಮುಖ ನೆನಪಾಗಿ ಬೇಜಾರಾಗುತ್ತದೆ. ದಿನಕ್ಕೆ ಎಪ್ಪತ್ತು ಮನೆ ಹತ್ತಿ ಇಳಿಯುವವನಿಗೆ ಮೈ ಬಗ್ಗುವುದಿಲ್ಲವಾ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು 1961ರದ್ದು. ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚು ಕೆಲಸಕ್ಕೆ ದುಪ್ಪಟ್ಟು ಕೂಲಿ ಎಂದು ಅದರಲ್ಲಿ ಆಗಲೇ ಬರೆದಿದ್ದರು. ಹುಡುಗರು ಹೊಸದಾಗಿ ಏನೂ ಕೇಳುತ್ತಿಲ್ಲ.

ಇನ್ನೊಂದು ಹೆದರಿಕೆ ಮಳೆಗಾಲದ್ದು. 2018ರ ಆಗಸ್ಟಿನಲ್ಲಿ ನಮ್ಮ ಮಕ್ಕಂದೂರು, ಕಾಲೂರು, ಹೆಮ್ಮೆತ್ತಾಳು ಕಡೆ ಗುಡ್ಡ ಜರಿದಾಗ ಪ್ರವಾಸಿಗರು ಬರುವುದೇ ನಿಂತಿತು. ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಕೊರೊನಾ. ಎರಡು ಸಲವೂ ಮೊದಲು ಮನೆಗೆ ಕಳಿಸಿದ್ದು ಹೋಟೆಲ್ ಹುಡುಗರನ್ನು. ಆಪತ್ತು ಇಲ್ಲದ ವರ್ಷದಲ್ಲೂ ಜೂನ್ ಬಂದರೆ "ಗಿರಾಕಿ ಇಲ್ಲ, ಸೆಪ್ಟೆಂಬರ್‌ಗೆ ಬಾ" ಅನ್ನುವ ಜಾಗಗಳಿವೆ. ಮೂರು ತಿಂಗಳು ಸಂಬಳ ಇಲ್ಲದ ಕೆಲಸವನ್ನು ಯಾವ ತಂದೆ ತಾಯಿ ಕೆಲಸ ಅನ್ನುತ್ತಾರೆ?

ಈ ಹೋಮ್‌ಸ್ಟೇಯಲ್ಲಿ ಮಳೆಗಾಲಕ್ಕೂ ಅದೇ ಸಂಬಳ. ಆ ಮೂರು ತಿಂಗಳನ್ನು ಅವರು ಕಲಿಸಲು ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಒಂದು ಗಂಟೆ ಇಂಗ್ಲಿಷ್ ಮಾತು. ಅಕ್ಕನೇ ಗೆಸ್ಟ್ ಆಗುತ್ತಾರೆ, ಫೋನಿನಲ್ಲಿ ರೂಂ ಕೇಳುತ್ತಾರೆ, ಜಗಳ ಮಾಡುತ್ತಾರೆ, ಮಕ್ಕಳು ಉತ್ತರ ಕೊಡಬೇಕು. ಮಧ್ಯಾಹ್ನ ಚಾಕು ಹಿಡಿಯುವುದು, ಹಾಸಿಗೆ ಹಾಕುವುದು, ಬಿಲ್ ಮಾಡುವುದು. ಕಾಚಂಪುಳಿಯೂ ಆಗಲೇ. ಹಣ್ಣನ್ನು ಬುಟ್ಟಿಯಲ್ಲಿ ಹಾಕಿ, ಕೆಳಗೆ ಪಾತ್ರೆ ಇಟ್ಟು, ದಿನಗಟ್ಟಲೆ ರಸ ತೊಟ್ಟಿಕ್ಕಲು ಬಿಟ್ಟು, ಆಮೇಲೆ ಕಪ್ಪಗೆ ಗಟ್ಟಿ ಆಗುವವರೆಗೆ ಕುದಿಸುತ್ತಾರೆ. ನನ್ನ ಮಗಳಿಗೆ ಅದನ್ನು ಅಜ್ಜಿ ಕಲಿಸಬೇಕಿತ್ತು, ಅಜ್ಜಿ ಇರಲಿಲ್ಲ. ಈ ಜೂನಿನಲ್ಲಿ ಕೆಲಸದ ಜಾಗದಲ್ಲಿ ಕಲಿತು ಬಂದು ನಮ್ಮ ಮನೆಗೂ ಒಂದು ಬಾಟಲಿ ಮಾಡಿದಳು. ಅಪ್ಪ ಮೂಸಿ ನೋಡಿ, "ನಿನ್ನ ಅಜ್ಜಿ ಮಾಡಿದ ಹಾಗೇ ಇದೆ" ಅಂದರು. ಅವಳು ಆ ಬಾಟಲಿಯನ್ನು ಇನ್ನೂ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಅಡುಗೆ ಮನೆಯ ಗೋಡೆಯ ಮೇಲೆ ಅಣ್ಣ ಪೆನ್ಸಿಲಿನಲ್ಲಿ ಒಂದು ಏಣಿ ಬರೆದಿದ್ದಾರೆ. ಕೆಳಗಿನ ಮೆಟ್ಟಿಲು ಕಾಮಿ ಥ್ರೀ, ಅಂದರೆ ಹೊಸ ಸಹಾಯಕ, ಆಮೇಲೆ ಟೂ, ಒನ್, ಆಮೇಲೆ ಡೆಮಿ ಸಿಡಿಪಿ, ಸಿಡಿಪಿ (ಒಂದು ವಿಭಾಗ ನೋಡಿಕೊಳ್ಳುವ ಶೆಫ್), ಸೂ ಶೆಫ್ (ಮುಖ್ಯ ಶೆಫ್ ಕೆಳಗಿನವರು). ದೊಡ್ಡ ಹೋಟೆಲುಗಳಲ್ಲಿ ಬಡ್ತಿ ನಡೆಯುವುದು ಹೀಗೆ. ಪ್ರತಿ ಮೆಟ್ಟಿಲ ಪಕ್ಕದಲ್ಲಿ ಏನು ಬರಬೇಕು ಅಂತಲೂ ಬರೆದಿದೆ. ಕೆಳಗಿನದರ ಪಕ್ಕ: "ನಲವತ್ತು ಕಡಂಬುಟ್ಟು, ಒಂದೇ ಗಾತ್ರ, ಒಬ್ಬರೇ." ಹುಡುಗರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ತಾವಿರುವ ಮೆಟ್ಟಿಲಲ್ಲಿ ಬರೆದುಕೊಂಡಿದ್ದಾರೆ. ನಾಳೆ ಏನಾಗಬಹುದು ಎನ್ನುವುದು ಕಣ್ಣ ಮುಂದೆ ಇದ್ದರೆ ಇವತ್ತಿನ ಈರುಳ್ಳಿ ಹೆಚ್ಚುವುದು ಭಾರ ಆಗುವುದಿಲ್ಲ, ಅಲ್ವಾ?

ದುಡ್ಡಿನ ವಿಷಯ. ಶುರುವಿಗೆ 16,000, ಊಟ, ತಿಂಡಿ ಬೇರೆ. ಸಂಬಳ ಒಂದನೇ ತಾರೀಕಿಗೆ ಬ್ಯಾಂಕಿಗೆ ಬರುತ್ತದೆ, ಹತ್ತು ತಿಂಗಳಲ್ಲಿ ಒಂದು ಸಲವೂ ತಡ ಆಗಿಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸುವುದಿಲ್ಲ. ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಹಾಕಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಇಲ್ಲಿ ಕೌಂಟರ್ ಮೇಲೆ ಒಂದು ಮರದ ಟಿಪ್ಸ್ ಡಬ್ಬಿ ಇದೆ. ಶನಿವಾರ ಸಂಜೆ ಅದೇ ಉದ್ದ ಮೇಜಿನ ಮೇಲೆ ಎಲ್ಲರ ಮುಂದೆ ಸುರಿದು ಎಣಿಸುತ್ತಾರೆ. ಹೋದ ವಾರ 2,340 ರೂಪಾಯಿ ಬಂದಿತ್ತು. ಒಂಬತ್ತು ಪಾಲು, ತಲೆಗೆ 260. ಪಾತ್ರೆ ತೊಳೆಯುವ ಅಸ್ಸಾಂ ಹುಡುಗನಿಗೂ 260, ಅಡುಗೆ ಅಣ್ಣನಿಗೂ 260. ಬಡಿಸುವವರ ಜೇಬಿಗೆ ಮಾತ್ರ ಹೋಗುತ್ತಿದ್ದ ದುಡ್ಡು ಇದು, ಬೇರೆ ಕಡೆ.

ಅಸ್ಸಾಂ ಹುಡುಗ ಅಂದೆ. ಒಂಬತ್ತರಲ್ಲಿ ಇಬ್ಬರು ಅಲ್ಲಿಯವರು, ಏಳು ಜನ ಸುತ್ತಲಿನ ಊರಿನವರು. ಹೊರಗಿನಿಂದ ಬರುವವರ ಮೇಲೆ ನನಗೆ ಬೇಸರ ಇಲ್ಲ. ಅವರಿಲ್ಲದಿದ್ದರೆ ಕೊಡಗಿನ ಅರ್ಧ ಅಡುಗೆ ಮನೆ ಮುಚ್ಚುತ್ತದೆ, ತೋಟಗಳೂ ನಿಲ್ಲುತ್ತವೆ. ಮನೆಯಿಂದ ಅಷ್ಟು ದೂರ ಬಂದವರಿಗೂ ಹನ್ನೊಂದೂವರೆಗೆ ಬಿಸಿ ಊಟ ಸಿಗಬೇಕು. ಆದರೆ ಇಲ್ಲಿನ ಮಕ್ಕಳ ಕೈಯಲ್ಲಿ ಇರುವ ಒಂದು ವಿಷಯ ಹೊರಗಿನಿಂದ ತರಲು ಆಗುವುದಿಲ್ಲ. ಅದನ್ನು ನಾನು ಮಾರ್ಚಿನಲ್ಲಿ ನೋಡಿದೆ.

ಹೈದರಾಬಾದಿನ ಒಂದು ಕುಟುಂಬ ಬಂದಿತ್ತು. ತೋಟ ಪೂರ್ತಿ ಬಿಳಿ, ಕಾಫಿ ಹೂ. ಇದೇನು ಮಲ್ಲಿಗೆಯಾ ಎಂದು ಅವರು ಕೇಳಿದರು. ಸುಂಟಿಕೊಪ್ಪದ ಹುಡುಗ ಕಾಫಿ ತಂದಿಟ್ಟು ನಿಂತ. ಅವನು ಲೈನ್ ಮನೆಯಲ್ಲಿ ಬೆಳೆದವನು, ಅಪ್ಪ ಅಮ್ಮ ಇಬ್ಬರೂ ಎಸ್ಟೇಟ್ ಕೆಲಸದವರು. "ಹೂಮಳೆ ಬಿದ್ದು ಒಂಬತ್ತು ದಿನ ಆಯ್ತು ಸಾರ್. ಇನ್ನೆರಡು ದಿನ ಈ ವಾಸನೆ ಇರುತ್ತೆ. ಮಳೆ ಬರದಿದ್ರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಬೇಕು, ಅಪ್ಪ ರಾತ್ರಿ ಎಲ್ಲ ಪೈಪ್ ಬದಲಾಯಿಸ್ತಾರೆ" ಅಂದ. ಅರೇಬಿಕಾ ಎಲೆ, ರೋಬಸ್ಟಾ ಎಲೆ ಎರಡನ್ನೂ ಕಿತ್ತು ತಂದು ಮೇಜಿನ ಮೇಲಿಟ್ಟು ತೋರಿಸಿದ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಬೆಳೆ ಎನ್ನುವ ಸರಕಾರಿ ಗುರುತು, ಸಿಕ್ಕಿದ್ದನ್ನೂ ಹೇಳಿದ. ಆ ಕುಟುಂಬದ ಅಜ್ಜಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಬಿಡಲಿಲ್ಲ. ಲೈನ್ ಮನೆಯ ಹುಡುಗನ ಮಾತನ್ನು ಅಷ್ಟು ಹೊತ್ತು ಯಾರಾದರೂ ಕೈ ಕಟ್ಟಿ ಕೇಳಿದ್ದನ್ನು ನಾನು ಅವತ್ತೇ ನೋಡಿದ್ದು. ಗಾಡಿಯ ಹತ್ತಿರ ನಿಂತಿದ್ದ ನನಗೆ ಕಣ್ಣು ತುಂಬಿತು.

ಕೊರತೆಗಳೂ ಇವೆ. ಭಾನುವಾರ ಮಧ್ಯಾಹ್ನ ಹೋದರೆ ಊಟಕ್ಕೆ ಐವತ್ತು ನಿಮಿಷ ಕಾಯಬೇಕಾಗುತ್ತದೆ. ಫೋನ್ ಮಾಡದೆ ಹೋಗಬೇಡಿ. ಮಳೆಯಲ್ಲಿ ಕೊನೆಯ ಮುನ್ನೂರು ಮೀಟರ್ ದಾರಿ ಕಾರಿಗೆ ಕಷ್ಟ. ನೆಟ್‌ವರ್ಕ್ ಇಲ್ಲದ ದಿನ ಯುಪಿಐ ನಡೆಯುವುದಿಲ್ಲ, ಕೈಯಲ್ಲಿ ನೋಟು ಇರಲಿ. ಇದೆಲ್ಲ ಗೆಸ್ಟ್‌ಗಳಿಗೆ.

ತಂದೆಯಾಗಿ ನನಗೆ ಕೊರೆಯುವುದು ಬೇರೆ. ಒಂಬತ್ತೇ ಜನ ಇರುವುದರಿಂದ ಇಎಸ್ಐ (ಕೆಲಸಗಾರರ ಸರಕಾರಿ ಆರೋಗ್ಯ ವಿಮೆ) ಇಲ್ಲ, ಪಿಎಫ್ (ಭವಿಷ್ಯ ನಿಧಿ) ಇಲ್ಲ. ಇಎಸ್ಐಗೆ ಹತ್ತು ಜನ, ಪಿಎಫ್‌ಗೆ ಇಪ್ಪತ್ತು ಜನ ಇರಬೇಕು ಎನ್ನುವುದು ನಿಯಮ. ಅಕ್ಕನಿಗೆ ನೇರವಾಗಿಯೇ ಹೇಳಿದ್ದೇನೆ, ಎಲ್ಲರಿಗೂ ಒಂದು ಆರೋಗ್ಯ ವಿಮೆ ಮಾಡಿಸಿ ಅಂತ. ಮಾಡಿಸುತ್ತೇನೆ ಅಂದಿದ್ದಾರೆ, ಇನ್ನೂ ಆಗಿಲ್ಲ. ಆಗುವವರೆಗೆ ಕೇಳುತ್ತಲೇ ಇರುತ್ತೇನೆ. ಹೆಣ್ಣುಮಕ್ಕಳನ್ನು ರಾತ್ರಿ ಎಂಟೂವರೆಯೊಳಗೆ ಅವರದೇ ವ್ಯಾನಿನಲ್ಲಿ ಮನೆಗೆ ಬಿಡುತ್ತಾರೆ, ಅದು ಸರಿಯಾಗಿ ನಡೆಯುತ್ತಿದೆ. ಇನ್ನೊಂದು, ಜಾಗ ಚಿಕ್ಕದು. ಗೋಡೆಯ ಮೇಲಿನ ಏಣಿಯಲ್ಲಿ ಮೂರನೇ ಮೆಟ್ಟಿಲಿನ ಮೇಲೆ ಇಲ್ಲಿ ಜಾಗವೇ ಇಲ್ಲ.

ಇದನ್ನು ಅಕ್ಕ ಸೇರಿಸಿಕೊಳ್ಳುವ ದಿನವೇ ಹೇಳುತ್ತಾರೆ. "ಎರಡು ವರ್ಷ ನನ್ನ ಹತ್ರ ಇರಿ, ಆಮೇಲೆ ದೊಡ್ಡ ಕಡೆ ಹೋಗಿ. ಕಾಗದ ನಾನು ಬರೆದು ಕೊಡ್ತೇನೆ." ಓದಬೇಕೆನ್ನುವವರಿಗೆ ದಾರಿಯನ್ನೂ ಹೇಳುತ್ತಾರೆ. ನಮಗೆ ಇದು ಗೊತ್ತೇ ಇರಲಿಲ್ಲ: ಸರಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳ ಮೂರು ವರ್ಷದ ಬಿಎಸ್ಸಿಗೆ ಎನ್‌ಸಿಎಚ್‌ಎಂ ಜೆಇಇ ಎಂಬ ಪರೀಕ್ಷೆ ಇದೆ. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ, ಇಂಗ್ಲಿಷ್ ಒಂದು ವಿಷಯವಾಗಿ ಇರಬೇಕು. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಅಂಥ ಒಂದು ಕಾಲೇಜಿದೆ. ಎಸ್ಸೆಸ್ಸೆಲ್ಸಿ ಮಾತ್ರ ಆದವರಿಗೆ ಐಟಿಐಯಲ್ಲಿ ಫುಡ್ ಪ್ರೊಡಕ್ಷನ್ ಎಂಬ ಟ್ರೇಡ್ ಇದೆ, ಎಲ್ಲ ಐಟಿಐಯಲ್ಲೂ ಇರುವುದಿಲ್ಲ, ವಿಚಾರಿಸಬೇಕು. ನೀಟ್, ಸಿಇಟಿ ಬಗ್ಗೆ ನಮ್ಮ ಮಕ್ಕಳಿಗೆ ಹೇಳುವವರು ನೂರು ಜನ. ಇದರ ಬಗ್ಗೆ ನನ್ನ ಮಗಳಿಗೆ ಮೊದಲು ಹೇಳಿದ್ದು ಒಂದು ಹೋಮ್‌ಸ್ಟೇ ಅಕ್ಕ. ಈಗ ಅವಳು ಮಂಗಳವಾರದ ರಜೆಯಲ್ಲಿ ಅದಕ್ಕೆ ಓದುತ್ತಿದ್ದಾಳೆ.

ಮಳೆ ಕಡಿಮೆಯಾದ ಮೇಲೆ ಇಬ್ಬರು ಹೊಸಬರು ಬೇಕಂತೆ, ಒಬ್ಬರು ಅಡುಗೆ ಮನೆಗೆ, ಒಬ್ಬರು ರೂಮಿಗೆ. ಹದಿನೆಂಟು ತುಂಬಿರಬೇಕು. ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುವ ತಂದೆ ತಾಯಿಗಳು ಒಂದು ಗಂಟೆಯ ಊಟದ ಹೊತ್ತಿಗೆ ಹೋಗಬೇಡಿ. ಹನ್ನೊಂದೂವರೆಗೆ ಹೋಗಿ, ಎಡಗಡೆಯಿಂದ ಸುತ್ತಿ ಹಿಂದಿನ ಜಗಲಿಗೆ ಬನ್ನಿ. ಬೆಂಚಿನಲ್ಲಿ ನಿಮಗೂ ಜಾಗ ಮಾಡಿಕೊಡುತ್ತಾರೆ.